ತಾತನ ಹಾಡು

ಜನವರಿ ೧೧

ಪ್ರೀತಿಯ ತಮ್ಮನಿಗೆ,

ಕ್ಷೇಮ ಅಂತ ಬರೆದರೆ ಅರ್ಧ ಸುಳ್ಳು, ಕ್ಷೇಮವಿಲ್ಲ ಅಂತ ಬರೆದರೆ ಇನ್ನರ್ಧ ಸುಳ್ಳು. ಅದನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ. ನನ್ನ ಹೊಸ ಕಾಲು ಬಂತು.

ಬಣ್ಣ ನನ್ನದಲ್ಲ. ಯಾರೋ ಬೆಳ್ಳಗಿನ ಹೆಂಗಸಿನ ಕಾಲನ್ನು ಎರವಲು ತಂದ ಹಾಗಿದೆ. ಎಡ ಮೊಣಕಾಲಿನ ಕೆಳಗೆ ಉಳಿದಿರುವ ಗೇಣುದ್ದದ ಮೊಂಡಿಗೆ ಮೊದಲು ಉಣ್ಣೆಯ ಚೀಲ, ಅದರ ಮೇಲೆ ಈ ಕಾಲು, ಅದರ ಮೇಲೆ ಚರ್ಮದ ಪಟ್ಟಿ. ಹಾಕಿಕೊಳ್ಳುವುದಕ್ಕೇ ಕಾಲು ಗಂಟೆ ಬೇಕು. ಹಾಕಿಕೊಂಡ ಮೇಲೆ ನಡೆಯಬೇಕಲ್ಲ, ಅಲ್ಲಿದೆ ಪಜೀತಿ.

ಈ ಕೃತಕ ಕಾಲಿನ ಕೇಂದ್ರದಲ್ಲಿ ನಡಿಗೆ ಕಲಿಸುವ ಮೇಡಂ ಸಣ್ಣಗೆ, ನೆಟ್ಟಗೆ, ಇಸ್ತ್ರಿ ಹಾಕಿ ಮಡಿಸಿಟ್ಟ ಹಾಗಿದ್ದಾರೆ. ಉದ್ದನೆಯ ಹಾಲಿನಲ್ಲಿ ಎರಡು ಕಬ್ಬಿಣದ ಕಂಬಿ, ಕೊನೆಯಲ್ಲಿ ಆಳೆತ್ತರದ ಕನ್ನಡಿ. ಕಂಬಿ ಹಿಡಿದು ಕನ್ನಡಿಯ ಕಡೆಗೆ ನಡೆಯಬೇಕು. ಅವರು ಒಂದು, ಎರಡು ಅಂತ ಎಣಿಸುತ್ತಾರೆ. ಅವರ ಎಣಿಕೆಗೆ ಮೂರು ದಿನವಾದರೂ ನನ್ನ ಕಾಲು ಜಪ್ಪಯ್ಯ ಅನ್ನಲಿಲ್ಲ. ಪಾದ ನೆಲಕ್ಕೆ ತಾಗಿದ್ದೇ ಗೊತ್ತಾಗುವುದಿಲ್ಲ ನೋಡು, ಮೊಣಕಾಲಿಗೆ ಪೆಟ್ಟು ಬಿದ್ದ ಮೇಲೆ ಗೊತ್ತಾಗುತ್ತದೆ. ನೆಲ ಸಮ ಇಲ್ಲ ಮೇಡಂ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಕ್ಕರು. ನನಗೆ ನಗು ಬರಲಿಲ್ಲ. ಕೋಣೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದೆ.

ನಾಲ್ಕನೆಯ ದಿನ ನನ್ನಷ್ಟಕ್ಕೆ ತಾತನ ಹಾಡು ಗುನುಗಿಕೊಂಡೆ. ಹನ್ನೆರಡು ಹೆಜ್ಜೆ ನಡೆದೆ ಕಣೋ.

ಪಕ್ಕದ ಮಂಚದ ಟೀಚರಮ್ಮ ಯಾವ ತಾತ ಅಂತ ಕೇಳಿದರು. ಹೇಳಿದೆ. ನಮ್ಮದು ಲಾಂಡ್ರಿ, ಹೋಟೆಲುಗಳ ಹಾಸು ಹೊದಿಕೆ ಒಗೆದು ಕೊಡುತ್ತೇವೆ, ಹದಿನೆಂಟು ವರ್ಷದ ಹಿಂದೆ ಒಂದು ದಿಂಬಿನ ಚೀಲದೊಳಗೆ ಕ್ಯಾಸೆಟ್ ಸಿಕ್ಕಿತು, ವಾಪಸ್ ಕೊಡಲು ಹೋದರೆ ಯಾರೂ ಕೇಳಿಕೊಂಡು ಬಂದಿಲ್ಲ ಅಂದರು ಅಂತ. ಅದರ ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಒಳಗೆ ರಾಕ್ ಹಾಡುಗಳು, ಭಾಷೆ ನಮಗೆ ತಿಳಿಯದ್ದು. ಮೊದಲನೆಯದೇ ನಾವು ತಾತ ಅಂತ ಹೆಸರಿಟ್ಟವನದು. ಮಣಭಾರದ ಗಿಟಾರು, ಯಾರೋ ಬಾಗಿಲು ಬಡಿಯುವಂಥ ಡ್ರಮ್ಮು, ಮುದುಕನ ಗೊಗ್ಗರು ದನಿ. ಏನು ಹೇಳುತ್ತಾನೋ ದೇವರೇ ಬಲ್ಲ. ಆದರೆ ಬಿದ್ದವನೊಬ್ಬ ಮೊಣಕಾಲಿಗೆ ಕೈಕೊಟ್ಟು ಏಳುತ್ತಾ ಹಾಡುತ್ತಿದ್ದಾನೆ ಅಂತ ನನಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು. ಅಪ್ಪ ತೀರಿಹೋದ ವಾರ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಹಾಕಿಕೊಂಡು ಚಾದರ ಮಡಿಸಿದ್ದನ್ನೂ ಹೇಳಿದೆ. ಹಿಡಿ, ಎಳೆ, ಮಡಿ, ಕೊಡು.

ಈಗ ಅದೇ ನಾಲ್ಕು ಲೆಕ್ಕಕ್ಕೆ ನಡೆಯುತ್ತಿದ್ದೇನೆ. ಹಿಡಿ ಅಂದಾಗ ಕಂಬಿ, ಎಳೆ ಅಂದಾಗ ಸೊಂಟದಿಂದ ಕಾಲು ಮುಂದಕ್ಕೆ, ಮಡಿ ಅಂದಾಗ ಮೊಣಕಾಲು, ಕೊಡು ಅಂದಾಗ ಮೈಭಾರ. ಮೇಡಂಗೆ ಎಣಿಸುವುದನ್ನು ನಿಲ್ಲಿಸಿ ಅಂದೆ. ಮುಖ ದಪ್ಪ ಮಾಡಿಕೊಂಡರು, ಆದರೆ ನಿಲ್ಲಿಸಿದರು.

ಹೋದ ಭಾನುವಾರ ಅಮ್ಮ ಬಂದಿದ್ದಳು. ನೀನು ಅವಳನ್ನು ಬಸ್ಸು ಹತ್ತಿಸಿ ಹಾಗೇ ತಿರುಗಿ ಹೋದೆಯಂತೆ. ಇಲ್ಲಿನ ಆಫೀಸಿಗೆ ನೀನು ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ಬರೀ ನಿನ್ನ ಉಸಿರು ಕೇಳಿಸಿತು. ಚೆನ್ನಾಗಿ ಉಸಿರಾಡುತ್ತೀಯ ಅಂತ ಗೊತ್ತಾಯಿತು. ಇನ್ನು ಬಂದು ಮುಖ ತೋರಿಸು.

ನಿನ್ನ ಅಕ್ಕ


ಜನವರಿ ೨೯

ಅಕ್ಕನಿಗೆ,

ನಿನ್ನ ಪತ್ರ ತಲುಪಿ ಹದಿನೈದು ದಿನವಾಯಿತು. ಉಗಿಯ ಪೈಪು ಒಡೆದಿತ್ತು, ಅದರ ಹಿಂದೆ ಓಡಾಡುವುದೇ ಆಯಿತು. ಹೊಳೆ ದಂಡೆಯ ಹೋಟೆಲಿನವರು ಹೊಸ ಬಿಳಿ ಚಾದರ ತಂದಿದ್ದಾರೆ. ದಪ್ಪ ಬಟ್ಟೆ, ಒಣಗುವುದಿಲ್ಲ.

ಮಡಿಸಲು ಯಾರನ್ನೂ ಇಟ್ಟುಕೊಂಡಿಲ್ಲ. ಗೋಡೆಗೆ ಎರಡು ಮೊಳೆ ಹೊಡೆದು ಕ್ಲಿಪ್ಪು ಕಟ್ಟಿದ್ದೇನೆ. ಒಂದು ತುದಿ ಅದಕ್ಕೆ, ಇನ್ನೊಂದು ತುದಿ ನನಗೆ. ಮೊಳೆ ತಡವಾಯಿತು ಅಂತ ಬೈಯುವುದಿಲ್ಲ, ಅದೊಂದು ಅನುಕೂಲ. ಆದರೆ ಕೊಡು ಅನ್ನುವಾಗ ಅದು ಕೊಡುವುದಿಲ್ಲ, ನಾನೇ ಗೋಡೆಯವರೆಗೆ ಹೋಗಿ ಬಿಡಿಸಿಕೊಳ್ಳಬೇಕು. ದಿನಕ್ಕೆ ಮುನ್ನೂರು ಸಲ ಗೋಡೆಗೆ ಹೋಗಿ ಬರುತ್ತೇನೆ.

ಅಮ್ಮ ಆರೋಗ್ಯವಾಗಿದ್ದಾಳೆ. ನನ್ನ ಹತ್ತಿರ ಬೇಕಾದ್ದಕ್ಕೆ ಮಾತ್ರ ಮಾತು. ಆಸ್ಪತ್ರೆಯಲ್ಲಿ ಎಲ್ಲರ ಎದುರು ಅವಳು ಅಂದದ್ದು ನಿನಗೆ ಗೊತ್ತಿಲ್ಲದೆ ಇರಬಹುದು, ನೀನು ಆಗ ನಿದ್ದೆಯಲ್ಲಿದ್ದೆ. “ನಿನ್ನ ಕಣ್ಣು ರಸ್ತೆ ಮೇಲಿದ್ದಿದ್ರೆ ನನ್ನ ಮಗಳ ಕಾಲು ಇರ್ತಿತ್ತು” ಅಂದಳು. ಸುಳ್ಳೇನಲ್ಲ. ವ್ಯಾನ್ ಓಡಿಸುತ್ತಿದ್ದವನು ನಾನು, ನಿಂತ ಲಾರಿಗೆ ಗುದ್ದಿದವನು ನಾನು. ನನಗೆ ಹಣೆಯ ಮೇಲೆ ಮೂರು ಹೊಲಿಗೆ ಬಿತ್ತು, ಅದೂ ಈಗ ಕಾಣುವುದಿಲ್ಲ.

ಸದ್ಯ ಬರಲು ಬಿಡುವಿಲ್ಲ. ಇನ್ನೊಂದು ಮಾತು. ಆ ಹಾಡಿನ ವಿಷಯ ನನಗೆ ಬರೆಯಬೇಡ. ಅವತ್ತಿನಿಂದ ನಾನು ಯಾವ ಹಾಡನ್ನೂ ಕೇಳಿಲ್ಲ.

ಇಂತಿ ತಮ್ಮ


ಫೆಬ್ರವರಿ ೧೨

ತಮ್ಮಾ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲೂ ನಿನ್ನ ಮಾತು ಕೇಳಿದವಳಲ್ಲ, ಈಗ ಕೇಳುತ್ತೇನೆಯೇ.

ಕಂಬಿ ಬಿಟ್ಟು ನಡೆಯುತ್ತಿದ್ದೇನೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗಾಳಿಯಲ್ಲಿ. ಟೀಚರಮ್ಮ ಮನೆಗೆ ಹೋದರು. ಅವರ ಮಂಚಕ್ಕೆ ಇನ್ನೂ ಯಾರೂ ಬಂದಿಲ್ಲ, ಹಾಸಿಗೆಯನ್ನು ಸುತ್ತಿ ತಲೆಯ ಕಡೆಗೆ ಇಟ್ಟಿದ್ದಾರೆ. ಸಂಜೆ ಹೊತ್ತು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಎದುರಿನ ರಸ್ತೆಯಲ್ಲಿ ಜನ ನಡೆಯುವುದನ್ನು ನೋಡುತ್ತೇನೆ. ಯಾರಿಗೂ ತಾವು ನಡೆಯುತ್ತಿದ್ದೇವೆ ಅಂತ ಗೊತ್ತೇ ಇಲ್ಲ. ಮೊಬ್ಬು ಬೆಳಕಿನಲ್ಲಿ ಒಬ್ಬಳೇ ಕೂತಾಗ ನನಗೆ ಅಳು ಬರುತ್ತದೆ, ಅದನ್ನು ಬಚ್ಚಿಟ್ಟು ಏನು ಪ್ರಯೋಜನ.

ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಹಾಡು ನನ್ನಿಂದ ಜಾರುತ್ತಿದೆ. ಎರಡು ಚರಣ ನೆಟ್ಟಗಿದೆ. ಆಮೇಲೆ ಡ್ರಮ್ಮು ನಿಂತು ಗಿಟಾರು ಒಂದೇ ಹೋಗುತ್ತದಲ್ಲ, ಅದೂ ಇದೆ. ಅದಾದ ಮೇಲೆ ಮೂರನೆಯ ಚರಣ ಹೇಗೆ ಎತ್ತಿಕೊಳ್ಳುತ್ತಾನೆ ಅನ್ನುವುದು ಹೋಗಿಬಿಟ್ಟಿದೆ. ಕಳೆದ ವಾರದವರೆಗೂ ಇತ್ತು. ಕ್ಯಾಸೆಟ್ಟೂ ಇಲ್ಲ, ಟೇಪ್ ರೆಕಾರ್ಡರೂ ಇಲ್ಲ, ಎರಡೂ ವ್ಯಾನಿನ ಜೊತೆ ಅಪ್ಪಚ್ಚಿಯಾದವು. ಮೂರನೆಯ ಚರಣ ಬರುವ ಹೊತ್ತಿಗೆ ನನ್ನ ಕಾಲು ನಿಂತುಬಿಡುತ್ತದೆ. ಮೇಡಂ ಯಾಕೆ ನಿಂತಿರಿ ಅನ್ನುತ್ತಾರೆ. ಏನು ಹೇಳಲಿ.

ನಿನಗೆ ನೆನಪಿರುತ್ತದೆ. ನೀನು ಬಂದು ಒಂದೇ ಒಂದು ಸಲ ಗುನುಗಿ ಹೋಗು. ಮಾತು ಬೇಡ. ಕೂರುವುದೂ ಬೇಡ.

ಅಕ್ಕ


ಮಾರ್ಚ್ ೫

ಪ್ರೀತಿಯ ಅಕ್ಕನಿಗೆ,

ಈ ಪತ್ರದ ಜೊತೆ ಒಂದು ಪೊಟ್ಟಣ ಬರುತ್ತದೆ, ಜೋಪಾನವಾಗಿ ಬಿಚ್ಚು.

ನಿನ್ನ ಪತ್ರ ಬಂದ ಮೇಲೆ ಊರಿನ ಕ್ಯಾಸೆಟ್ ಅಂಗಡಿಗಳನ್ನೆಲ್ಲ ಸುತ್ತಿದೆ. ಹಾಡಿನ ಹೆಸರು ಗೊತ್ತಿಲ್ಲ, ಹಾಡುವವನ ಹೆಸರು ಗೊತ್ತಿಲ್ಲ, ಮಾತುಗಳು ಗೊತ್ತಿಲ್ಲ. ಕೌಂಟರಿನ ಮುಂದೆ ನಿಂತು ಗುನುಗಬೇಕು. ಐದು ಅಂಗಡಿಯಲ್ಲಿ ಹೋದ ಪುಟ್ಟ ಬಂದ ಪುಟ್ಟ ಆಯಿತು. ಒಂದು ಕಡೆ ಇಬ್ಬರು ಕಾಲೇಜು ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೊರಗೆ ಹೋದರು. ಕಡೆಗೆ ಹಳೆಯ ಸಿನಿಮಾ ಮಂದಿರದ ಹಿಂದಿನ ಅಂಗಡಿಯವರು, ದಪ್ಪ ಕನ್ನಡಕದ ಮನುಷ್ಯ, ಕಣ್ಣು ಮುಚ್ಚಿಕೊಂಡು ಕೇಳಿದರು. ಸ್ವಲ್ಪ ಬೇಗ ಹಾಡಿ ಅಂದರು. ಹಾಡಿದೆ. ಇನ್ನೂ ಸ್ವಲ್ಪ ಬೇಗ ಅಂದರು. ಹಾಡಿದೆ. ಎದ್ದು ಒಳಗೆ ಹೋಗಿ ಇದನ್ನು ತಂದು ಕೊಟ್ಟರು. ಹೊಚ್ಚ ಹೊಸದು, ಮುದ್ರೆ ಒಡೆದಿಲ್ಲ.

ಹಾಕಿ ತೋರಿಸಲಾ ಅಂದರು. ಬೇಡ ಅಂದೆ. ಅಲ್ಲಿ ಗುನುಗಿದ್ದೇ ನನಗೆ ಹೆಚ್ಚಾಗಿತ್ತು, ಹೊರಗೆ ಬಂದು ಮೆಟ್ಟಿಲ ಮೇಲೆ ಸುಮಾರು ಹೊತ್ತು ಕೂತಿದ್ದೆ.

ಈಗ ಮೂರನೆಯ ಚರಣ ನಿನ್ನ ಕೈಯಲ್ಲೇ ಇದೆ. ನಾನು ಬರುವ ಅಗತ್ಯವಿಲ್ಲ. ಚೆನ್ನಾಗಿ ನಡೆ.

ನಿನ್ನ ತಮ್ಮ


ಮಾರ್ಚ್ ೧೪

ತಮ್ಮಾ,

ಕ್ಯಾಸೆಟ್ ತಲುಪಿತು. ಬಹಳ ಕಷ್ಟಪಟ್ಟು ಹುಡುಕಿದ್ದೀಯ.

ಇಲ್ಲಿ ಸೆಕೆ ಶುರುವಾಗಿದೆ. ಅಮ್ಮನಿಗೆ ನನ್ನ ಹತ್ತಿಯ ನೈಟಿ ಎರಡು ತರಲು ಹೇಳು.

ಅಕ್ಕ


ಮಾರ್ಚ್ ೩೦

ಅಕ್ಕನಿಗೆ,

ಅಮ್ಮ ನಿನ್ನನ್ನು ನೋಡಿಕೊಂಡು ಬಂದಳು. ನೀನು ಬಿದ್ದೆ ಅಂದಳು. ಮೊಂಡಿನ ತುದಿ ಒಡೆದು ಹದಿನೈದು ದಿನದಿಂದ ಕಾಲು ಹಾಕಿಕೊಂಡಿಲ್ಲವಂತೆ, ಮಂಚ ಬಿಟ್ಟು ಎದ್ದಿಲ್ಲವಂತೆ. ಹೇಗೆ ಬಿದ್ದಳು ಅಂತ ಕೇಳಿದೆ. ಯಾವುದೋ ಟೇಪು ಹಾಕಿಕೊಂಡು ನಡೆಯಲು ಹೋಗಿ ಬಿದ್ದಳು ಅಂದಳು. ಅದನ್ನು ಕಳಿಸಿದವನು ನಾನು ಅಂತ ಅವಳಿಗೆ ಗೊತ್ತಿಲ್ಲ. ನಾನೇ ಹೇಳಿದೆ. ಅವಳು ನನ್ನನ್ನು ನೋಡಿ, ತಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ನೀನು ಆ ಎರಡು ಸಾಲಿನ ಪತ್ರ ಬರೆದಾಗಲೇ ನನಗೆ ಗೊತ್ತಾಗಬೇಕಿತ್ತು. ನಾನು ಏನು ಮುಟ್ಟಿದರೂ ನಿನ್ನ ಕಾಲಿಗೇ ಬರುತ್ತದೆ.

ಒಂದು ಹಡಗಿನ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿದೆ. ಮೂರು ವರ್ಷ. ಏಪ್ರಿಲ್ ಇಪ್ಪತ್ತಕ್ಕೆ ಹೊರಡಬೇಕು. ಇಲ್ಲಿಯದನ್ನು ಸೋದರಮಾವ ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ಯಂತ್ರಗಳೆಲ್ಲ ಸರಿಯಾಗಿವೆ, ಎರಡನೆಯ ಇಸ್ತ್ರಿ ರೋಲರಿನ ಎಡಗಡೆ ಮಾತ್ರ ಹೆಚ್ಚು ಕಾಯುತ್ತದೆ, ಅವರಿಗೆ ಹೇಳಿದ್ದೇನೆ. ನೀನು ವಾಪಸ್ ಬಂದ ಮೇಲೆ ಕೌಂಟರಿನಲ್ಲಿ ಕೂತು ಕೆಲಸ ನೋಡಬಹುದು.

ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ.

ತಮ್ಮ


ಏಪ್ರಿಲ್ ೫

ತಮ್ಮಾ,

ಉತ್ತರ ಬೇಡ ಅಂತ ಬರೆದವನಿಗೇ ಉದ್ದದ ಉತ್ತರ ಬರುತ್ತದೆ, ಓದು.

ಕ್ಯಾಸೆಟ್ ಬಂದ ದಿನ ನನಗೆ ಆದ ಸಂತೋಷ ಹೇಳತೀರದು. ಮೇಡಂ ತಮ್ಮ ಟೇಪ್ ರೆಕಾರ್ಡರ್ ತಂದು ಹಾಲಿನ ಮೂಲೆಯಲ್ಲಿ ಇಟ್ಟರು. ಕಾಲು ತಯಾರಿಸುವ ಮೇಸ್ತ್ರಿಯೂ ಕೇಳಲು ಬಂದರು. ನಾನು ಕೋಲು ಹಿಡಿದು ನಿಂತೆ. ಗುಂಡಿ ಒತ್ತಿದರು.

ತಾತ ತಾತ ಅಲ್ಲ ಕಣೋ. ಒಬ್ಬಳು ಹುಡುಗಿ.

ನಿಜ ಹೇಳುತ್ತಿದ್ದೇನೆ. ಇಪ್ಪತ್ತು ಇಪ್ಪತ್ತೆರಡರ ಹುಡುಗಿ ಇರಬೇಕು, ಹಗ್ಗದಾಟ ಆಡುತ್ತಾ ಹಾಡಿದ ಹಾಗೆ ಹಾಡುತ್ತಾಳೆ. ಅದೇ ರಾಗ, ಅದೇ ಗಿಟಾರು, ಆದರೆ ಎಲ್ಲ ಅವಸರ. ಯಾರೂ ಬಿದ್ದಿಲ್ಲ, ಯಾರೂ ಏಳುತ್ತಿಲ್ಲ. ಯಾವುದೋ ಪಾರ್ಟಿಗೆ ಹೊರಟಿದ್ದಾಳೆ ಅಷ್ಟೇ. ನನಗೆ ಏನಾಯಿತೋ, ಇದೇ ನಿಜವಾದ ಹಾಡಾದರೆ ಇದಕ್ಕೇ ನಡೆಯುತ್ತೇನೆ ಅಂತ ಹಟ ಹಿಡಿದು ಹೆಜ್ಜೆ ಹಾಕಿದೆ. ಐದನೆಯ ಹೆಜ್ಜೆಗೆ ಬಿದ್ದೆ. ಹುಡುಗಿ ಹಾಡುತ್ತಲೇ ಇದ್ದಳು.

ಮೇಸ್ತ್ರಿ ಆಮೇಲೆ ಬಂದು ವಿವರ ಕೇಳಿದರು. ನಮ್ಮ ಟೇಪ್ ರೆಕಾರ್ಡರ್ ಎಲ್ಲಿ ಇಟ್ಟಿದ್ದಿರಿ ಅಂದರು. ಇಸ್ತ್ರಿ ಕೋಣೆಯಲ್ಲಿ, ರೋಲರಿನ ಪಕ್ಕದ ಗೂಡಿನಲ್ಲಿ ಅಂದೆ. ನಕ್ಕುಬಿಟ್ಟರು. “ಆ ಬಿಸಿಗೆ ಒಳಗಿನ ರಬ್ಬರ್ ಬೆಲ್ಟು ಸಡಿಲ ಆಗಿರತ್ತಮ್ಮ. ಟೇಪು ನಿಧಾನ ಓಡತ್ತೆ, ದನಿ ತಗ್ಗತ್ತೆ. ನೀವೇ ಆ ಹುಡುಗೀನ ಮುದುಕನ್ನ ಮಾಡಿದ್ದೀರ” ಅಂದರು. ನೆನಪಿದೆಯಾ, ಬೇರೆ ಕ್ಯಾಸೆಟ್ ಹಾಕಿದಾಗಲೆಲ್ಲ ಎಲ್ಲರೂ ಎಳೆದು ಎಳೆದು ಹಾಡುತ್ತಾರೆ, ಸೋಮಾರಿಗಳು ಅಂತ ನಾವು ಬೈಯುತ್ತಿದ್ದೆವು. ಹದಿನೆಂಟು ವರ್ಷ ಯಂತ್ರದ ಮೇಲೆ ಅನುಮಾನ ಬರಲಿಲ್ಲ, ಲೋಕದ ಹಾಡುಗಾರರ ಮೇಲೆಲ್ಲ ಬಂತು.

ಮೊದಲು ನಗು ಬಂತು, ಆಮೇಲೆ ತಡೆಯಲಾರದಷ್ಟು ದುಃಖ ಬಂತು. ನಾನು ಇಲ್ಲದ ಮನುಷ್ಯನೊಬ್ಬನ ಕೈ ಹಿಡಿದು ನಡೆಯುತ್ತಿದ್ದೆ ಅನ್ನಿಸಿತು. ಮೂರು ವಾರ ಎದ್ದೇಳದೆ ಬಿದ್ದುಕೊಂಡಿದ್ದು ಗಾಯಕ್ಕಲ್ಲ, ಅದಕ್ಕೆ. ನಿನ್ನ ಮೇಲೆ ಸಿಟ್ಟಿರಲಿಲ್ಲ, ಬರೆಯಲು ಕೈ ಬರಲಿಲ್ಲ.

ಆಮೇಲೆ ನಿನ್ನ ಪತ್ರ ಬಂತು, ಹಡಗಿನ ಪತ್ರ. ಇವನೂ ಹೋದರೆ ಅಂತ ಯೋಚಿಸುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ತಾತ ಆ ಕ್ಯಾಸೆಟ್ಟಿನಲ್ಲಿ ಇರಲೇ ಇಲ್ಲ. ಅವನು ಇದ್ದದ್ದು ನಮ್ಮ ಇಸ್ತ್ರಿ ಕೋಣೆಯಲ್ಲಿ. ನಮ್ಮ ಬಿಸಿಗೆ, ನಮ್ಮ ಉಗಿಗೆ ಹುಟ್ಟಿದವನು. ಅವನ ಹಾಡನ್ನು ಕೇಳಿದವರು ಈ ಭೂಮಿಯ ಮೇಲೆ ನಾವಿಬ್ಬರೇ, ನೀನು ಮತ್ತು ನಾನು. ಮಾರನೆಯ ದಿನ ಕಾಲು ಕಟ್ಟಿಕೊಂಡೆ. ಅವನದೇ ನಡಿಗೆಯಲ್ಲಿ, ನಿಧಾನಕ್ಕೆ, ಕಂಬಿಯಿಂದ ಮತ್ತೆ ಶುರು ಮಾಡಿದೆ. ಮರೆತಿದ್ದ ಮೂರನೆಯ ಚರಣವನ್ನು ಆ ಹುಡುಗಿಯಿಂದ ತೆಗೆದುಕೊಂಡು ತಾತನ ನಿಧಾನಕ್ಕೆ ಇಳಿಸಿಕೊಂಡೆ. ಗಾಯದ ಮೇಲೆ ಬರೆ ಎಳೆದ ಹಾಗೆ ಉರಿಯಿತು, ಆದರೆ ನಡೆದೆ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಐದು ತಿಂಗಳಿಂದ ಬಚ್ಚಿಟ್ಟದ್ದು.

ಅವತ್ತು ವ್ಯಾನಿನಲ್ಲಿ, ಗೂಡಿನಿಂದ ಎತ್ತಿಕೊಂಡು ಬಂದ ಟೇಪ್ ರೆಕಾರ್ಡರ್ ನನ್ನ ತೊಡೆಯ ಮೇಲಿತ್ತು. ಹಾಡಿನ ನಡುವೆ ಟೇಪು ಸಿಕ್ಕಿಕೊಂಡಿತು. ಮುಚ್ಚಳ ತೆಗೆದರೆ ಕಂದು ಪಟ್ಟಿ ಸುರುಳಿ ಸುರುಳಿಯಾಗಿ ಹೊರಗೆ ಬಂತು. ನಾನು ಅದನ್ನು ನಿನ್ನ ಮುಖದ ಮುಂದೆ ಹಿಡಿದು ನೋಡೋ ಇಲ್ಲಿ ಅಂದೆ. ತಾಳು, ತಿರುವು ದಾಟಲಿ ಅಂದೆ ನೀನು. ನಾನು ತಾಳಲಿಲ್ಲ. ನಿನ್ನ ತೋಳು ಹಿಡಿದು ಎಳೆದೆ. “ನೋಡೋ ಅಂದ್ರೆ ನೋಡೋ” ಅಂದೆ. ನೀನು ನೋಡಿದೆ.

ಆಸ್ಪತ್ರೆಯಲ್ಲಿ ಅಮ್ಮ ನಿನಗೆ ಆ ಮಾತು ಅಂದಾಗ ನನಗೆ ಎಚ್ಚರವಿತ್ತು. ಕಣ್ಣು ಮುಚ್ಚಿಕೊಂಡೇ ಇದ್ದೆ. ಕಾಲೂ ಹೋಗಿ ತಪ್ಪೂ ನನ್ನದೇ ಆದರೆ ನನಗೆ ಉಳಿಯುವುದೇನು ಅನ್ನಿಸಿತು. ನೀನು ಗಟ್ಟಿಗ, ಹೊತ್ತುಕೊಳ್ಳುತ್ತೀಯ ಅಂದುಕೊಂಡೆ. ನೀನು ಹೊತ್ತುಕೊಂಡೆ, ಹೊತ್ತುಕೊಂಡು ಈಗ ಹಡಗು ಹತ್ತಲು ಹೊರಟಿದ್ದೀಯ. ಅಮ್ಮನಿಗೂ ಇದೇ ಅಂಚೆಯಲ್ಲಿ ಬೇರೆ ಪತ್ರ ಹಾಕಿದ್ದೇನೆ. ಎಲ್ಲ ಬರೆದಿದ್ದೇನೆ.

ಹದಿನೆಂಟನೆಯ ತಾರೀಕು ಗುರುವಾರ. ಸಂಜೆ ನಾಲ್ಕಕ್ಕೆ ನಾನು ಈ ಕಟ್ಟಡದಿಂದ ಮುಂದಿನ ಗೇಟಿನವರೆಗೆ ಒಬ್ಬಳೇ ನಡೆದು ಬರುತ್ತೇನೆ. ಕೋಲನ್ನು ಗೇಟಿಗೆ ಒರಗಿಸಿ ನಿಲ್ಲುತ್ತೇನೆ. ಏನೂ ಹಿಡಿಯದೆ ನಾನು ನಿಲ್ಲಬಲ್ಲದ್ದು ತಾತನ ಹಾಡು ಒಂದು ಸಲ ಮುಗಿಯುವಷ್ಟು ಹೊತ್ತು, ಹೆಚ್ಚು ಕಡಿಮೆ ಐದು ನಿಮಿಷ. ಆಮೇಲೆ ಮೊಣಕಾಲು ನಡುಗುತ್ತದೆ. ನೀನು ಬಾರದಿದ್ದರೂ ನಾನು ಹಾಡು ಮುಗಿಸಿಯೇ ಒಳಗೆ ಹೋಗುತ್ತೇನೆ, ಅದರಲ್ಲಿ ಅನುಮಾನ ಬೇಡ. ಆದರೆ ಬಾ.

ನಿನ್ನ ಅಕ್ಕ


ಏಪ್ರಿಲ್ ೧೮

ಅಕ್ಕಾ,

ನಿನ್ನ ಗೇಟಿನ ಎದುರಿಗೆ, ರಸ್ತೆಯ ಈಚೆ ಕಡೆ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಂದು ಗಂಟೆಗೇ ಬಂದೆ. ಮೂರು ಲೋಟ ಚಹಾ ಆಯಿತು, ಅಂಗಡಿಯವರು ನಾನು ಯಾರಿಗೋ ಕಾಯುತ್ತಿರುವ ಪೊಲೀಸಿನವನು ಅಂದುಕೊಂಡಿದ್ದಾರೆ. ಎದುರಿಗೆ ಬಂದರೆ ನನಗೆ ಬಾಯಿ ಬರುವುದಿಲ್ಲ, ನಿನಗೆ ಗೊತ್ತು. ಅದಕ್ಕೇ ಇದನ್ನು ಕೈಯಲ್ಲಿ ಕೊಡೋಣ ಅಂತ.

ನೀನು ತೋಳು ಎಳೆದದ್ದು ನನಗೆ ನೆನಪಿತ್ತು ಅಕ್ಕ. ಒಂದು ದಿನವೂ ಮರೆತಿರಲಿಲ್ಲ. ಹೇಳಿದರೆ ಕಾಲು ಕಳೆದುಕೊಂಡವಳ ಮೇಲೆ ತಪ್ಪನ್ನೂ ಹೊರಿಸಿದ ಹಾಗಾಗುತ್ತಿತ್ತು, ಅದಕ್ಕೆ ಬಾಯಿ ಬಿಡಲಿಲ್ಲ. ಆದರೆ ಸುಮ್ಮನಿರುವುದಕ್ಕೆ ಬರುತ್ತದೆ, ನಿನ್ನೆದುರು ಕೂತು ಸುಮ್ಮನಿರುವುದಕ್ಕೆ ಬರುವುದಿಲ್ಲ. ನಿನ್ನ ಮುಖ ನೋಡಿದರೆ ಎಲ್ಲಿ ಹೇಳಿಬಿಡುತ್ತೇನೋ ಅನ್ನುವ ಹೆದರಿಕೆಗೆ ಬರಲಿಲ್ಲ. ನಾಚಿಕೆಗೆ ಬರಲಿಲ್ಲ ಅಂತ ನೀನು ತಿಳಿದುಕೊಂಡಿದ್ದೆ. ನಾಚಿಕೆಯೂ ಇತ್ತು.

ಅಮ್ಮ ನಿನ್ನ ಪತ್ರ ಓದಿಕೊಂಡು ಇಸ್ತ್ರಿ ಕೋಣೆಯ ಬಾಗಿಲಿಗೆ ಬಂದು ನಿಂತಳು. “ಊಟಕ್ಕೆ ಬಾ ಮಗಾ, ಆರಿ ಹೋಗತ್ತೆ” ಅಂದಳು. ಮಗಾ ಅಂದು ಐದು ತಿಂಗಳಾಗಿತ್ತು.

ಹಡಗಿನವರಿಗೆ ಇನ್ನೂ ಬರುತ್ತೇನೆ ಅಂತಲೂ ಹೇಳಿಲ್ಲ, ಬರುವುದಿಲ್ಲ ಅಂತಲೂ ಹೇಳಿಲ್ಲ. ನಿನ್ನನ್ನು ನೋಡಿದ ಮೇಲೆ ಹೇಳೋಣ ಅಂತ.

ನೀನು ಹೊರಗೆ ಬಂದೆ.

ಸಣಕಲಾಗಿದ್ದೀಯ. ಕೂದಲು ಕತ್ತರಿಸಿದ್ದಾರೆ, ನನಗೆ ಯಾರೂ ಹೇಳಿರಲಿಲ್ಲ. ನೀನು ನಡೆಯುವುದನ್ನು ನೋಡುತ್ತಿದ್ದೇನೆ. ಯಾವ ಲೆಕ್ಕಕ್ಕೆ ನಡೆಯುತ್ತಿದ್ದೀಯ ಅಂತ ಇಲ್ಲಿಂದಲೇ ಗೊತ್ತಾಗುತ್ತದೆ. ಅಂಗಡಿಯವರು ಅಲ್ಲಿ ನೋಡಿ, ಆ ಯಮ್ಮ ಯಾಕೆ ಅಷ್ಟು ನಿಧಾನ ಅಂತ ಯಾರಿಗೋ ಹೇಳುತ್ತಿದ್ದಾರೆ. ಅವರಿಗೇನು ಗೊತ್ತು.

ಗೇಟಿಗೆ ಬಂದೆ. ಕೋಲು ಒರಗಿಸಿದೆ. ಕೈ ಬಿಟ್ಟೆ. ನೀನು ಬಸ್ಸು ಬರುವ ದಿಕ್ಕಿನ ಕಡೆ ನೋಡುತ್ತಿದ್ದೀಯ, ನಾನು ಈ ಕಡೆ ಇದ್ದೇನೆ. ನಿನ್ನ ತುಟಿ ಅಲ್ಲಾಡುತ್ತಿದೆ. ಮೊದಲನೆಯ ಚರಣ ಆಯಿತು. ನನ್ನ ಕಾಲು ಏಳುತ್ತಿಲ್ಲ ಅಕ್ಕ, ಎರಡೂ ನೆಟ್ಟಗಿರುವವನಿಗೆ ಏಳಲು ಆಗುತ್ತಿಲ್ಲ. ಎರಡನೆಯದು ಬಂತು. ನೀನು ಇನ್ನೂ ಅದೇ ಕಡೆ ನೋಡುತ್ತಿದ್ದೀಯ. ನಿನ್ನ ಮೊಣಕಾಲು ನಡುಗುವುದಕ್ಕೆ ಇನ್ನು ಎರಡು ನಿಮಿಷ ಇದೆ, ರಸ್ತೆ ದಾಟಲು ಅಷ್ಟು ಬೇಡ, ನಾನು ಎದ್ದೆ.

ನಿನ್ನ ತಮ್ಮ